ಅಜ್ಜನ ಕಂಬಳಿ ಮತ್ತು ವೈವಿಧ್ಯ ದಿನ

ಇವರ ವೈವಿಧ್ಯ ದಿನಕ್ಕೆ ಬೆಂಕಿ ಬೀಳಲಿ. ಸಿಂದಗಿಯಲ್ಲಿ ಮಗಳು ಓದುವ ಇಂಟರ್‌ನ್ಯಾಷನಲ್ ಸ್ಕೂಲಿಗೆ ಮಕ್ಕಳು ಇವತ್ತು ತಮ್ಮ ಹಿರಿಯರ ಉಡುಪಿನಲ್ಲಿ ಬರಬೇಕಿತ್ತು. ನಿನ್ನೆ ಟ್ರಂಕಿನಿಂದ ಅಜ್ಜನ ಕಂಬಳಿ ತೆಗೆದೆ. ಮಡಿಕೆ ಬಿಚ್ಚಿದ್ದೇ ತಡ, ಕುರಿಯ ವಾಸನೆ ಮೂಗಿಗೆ ಬಡಿಯಿತು.

ನಮ್ಮೂರು ದೇವಣಗಾಂವ. ಅಜ್ಜ ಕುರಿ ಕಾಯುತ್ತಿದ್ದ. ಹುಣಸೆ ಬೀಜದ ಗಂಜಿ ಕುಡಿದ ಈ ಕಂಬಳಿ ಆಗ ತಗಡಿನಂತೆ ಸೆಟೆದಿರುತ್ತಿತ್ತು, ಕೊರಳಿಗೆ ಚುಚ್ಚುತ್ತಿತ್ತು. ಒಂದು ಚಳಿಗಾಲದ ಬೆಳಗ್ಗೆ ಅವನೇ ಅದನ್ನು ಕೊಪ್ಪೆ ಮಾಡಿ ನನ್ನ ತಲೆಗೆ ಹೊದಿಸಿ ಶಾಲೆಗೆ ಕಳಿಸಿದ. ಮಾಸ್ತರರು ಹಾಜರಿ ಪುಸ್ತಕದಿಂದ ತಲೆ ಎತ್ತಲೂ ಇಲ್ಲ.

"ಏ, ಕುರಿ ವಾಸನಿ ಬರಾಕತ್ತೈತಿ. ಕಂಬಳಿ ಹೊರಗಿಟ್ಟು ಬಾ."

ಇಡೀ ತರಗತಿ ಮೂಗು ಮುಚ್ಚಿಕೊಂಡು ನಕ್ಕಿತು. ನಾನು ಬಾಗಿಲ ಬಳಿ ನಡುಗುತ್ತ ಕುಳಿತೆ. ಮನೆಗೆ ಬಂದು ಹೇಳಿದರೆ ಅಜ್ಜ ಮಾಸ್ತರರನ್ನು ಬೈಯಲಿಲ್ಲ. ಬಾವಿಗೆ ಹೋಗಿ ಕಂಬಳಿಯನ್ನು ಎರಡೆರಡು ಸಲ ಒಗೆದ. ಗಂಜಿ ಹೋಗಿ ಅದು ಜೋತುಬಿತ್ತು, ವಾಸನೆ ಹೋಗಲಿಲ್ಲ. "ಈಗ ಮೂಸಿ ನೋಡವ್ವ" ಎಂದ. ಅಜ್ಜನ ಬಾಯಲ್ಲಿ ಆ ಮಾತು ಬರಿಸಿದ್ದಕ್ಕೆ ಮಾಸ್ತರರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಇವತ್ತು ‘ಎಲ್ಲರೂ ನಮ್ಮವರೇ’ ಎಂಬ ಬ್ಯಾನರಿನ ಕೆಳಗೆ ಮಗಳು ಅದೇ ಕಂಬಳಿ ಹೊದ್ದು ನಿಂತಳು. ಫೋಟೋ ಮುಗಿಯುತ್ತಲೇ ಅವಳ ಟೀಚರ್ ನಗುತ್ತ ನನ್ನ ಬಳಿ ಬಂದರು.

"ಭಾಳ ಚಂದ ಐತ್ರಿ ಮೇಡಂ. ಇನ್ನ ಕಂಬಳಿ ಹೊರಗ ಇಟ್ಟುಬಿಡ್ರಿ. ಎಸಿ ಹಾಲ್ ಐತಿ, ವಾಸನಿ ನಿಲ್ತೈತಿ."

"ನಿಲ್ಲಲಿ ಬಿಡ್ರಿ" ಎಂದೆ. ಮಗಳ ಮೈಮೇಲಿನ ಕಂಬಳಿಯನ್ನು ನಾನೇ ಕೊಪ್ಪೆ ಮಾಡಿ ಹೊದ್ದು, ಹಾಲ್ ಒಳಗೆ ಹೋಗಿ ಮುಂದಿನ ಸಾಲಿನಲ್ಲಿ ಆ ಟೀಚರ್ ಪಕ್ಕದಲ್ಲೇ ಕುಳಿತೆ.