ಚೌಳು ನೆಲಕ್ಕೆ ನೆರಳು ತಂದ ನಮ್ಮತ್ತೆ

ನಮ್ಮತ್ತೆಯ ಹೆಬ್ಬೆರಳಿನ ಉಗುರು ಅಗಲವಾಗಿ, ಗಟ್ಟಿಯಾಗಿ, ಅಂಚಿಗೆ ಸದಾ ಮಣ್ಣು ಮೆತ್ತಿಕೊಂಡಿರುತ್ತಿತ್ತು. ಮದುವೆಮನೆಗೆ ಹೊರಟಾಗ ನಾನು ಸೋಪು ಹಿಡಿದು ನಿಂತರೆ, "ಬುಡವ್ವ, ಊಟ ಬಡಿಸೋರು ಉಗುರು ನೋಡಾಕಿಲ್ಲ" ಎಂದು ನಗುತ್ತಿದ್ದರು.

ಮರಳವಾಡಿಯ ಹತ್ತಿರ, ಕೆರೆಯ ಕೆಳಗಿನ ನಮ್ಮ ಹೊಲದ ಒಂದು ಮೂಲೆ ಚೌಳು ಹಿಡಿದು, ಬೇಸಿಗೆಯಲ್ಲಿ ಸುಣ್ಣ ಬಳಿದಂತೆ ಬೆಳ್ಳಗಾಗುತ್ತಿತ್ತು. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ಕಾಲ; ಬ್ರೋಕರ್‌ಗಳು ನಮ್ಮ ಜಗುಲಿಗೂ ಬಂದಿದ್ದರು. ಆ ಮೂಲೆಯಲ್ಲಿ ಅತ್ತೆ ನೆಟ್ಟ ಹೊಂಗೆ ಸಸಿಗಳು ಒಂದೂ ಉಳಿಯದಿದ್ದಾಗ ನನ್ನ ಗಂಡ, "ಇನ್ನೊಂದು ಮಳೆಗಾಲ ನೋಡನ ಕಣವ್ವ. ಆಗ್ಲೂ ಬರ್ನಿಲ್ಲ ಅಂದ್ರೆ ಮಾರ್ಬುಡನ" ಎಂದರು. ಅತ್ತೆ ಅಂದು ಊಟ ಮಾಡಲಿಲ್ಲ.

ನಾನು ಹೈಸ್ಕೂಲಿನ ಸೈನ್ಸ್ ಟೀಚರ್. ಧೈರ್ಯ ಮಾಡಿ ಹೇಳಿದೆ: ಹೊಂಗೆಯ ಬೇರಿನ ಗಂಟುಗಳಲ್ಲಿ ಕಣ್ಣಿಗೆ ಕಾಣದ ಜೀವಾಣುಗಳಿರುತ್ತವೆ, ಗಾಳಿಯ ಸಾರಜನಕವನ್ನು ಹಿಡಿದು ಮರಕ್ಕೆ ಉಣಿಸುತ್ತವೆ, ಚೌಳಿನಲ್ಲೇ ಬಾಳಿದ ಹಳೇ ಹೊಂಗೆಮರದ ಬುಡದ ಮಣ್ಣು ಹಾಕಿದರೆ ಸಸಿಗೂ ಅವು ಬರಬಹುದು.

"ಹಾಲಿಗೆ ಹೆಪ್ಪಾಕ್ದಂಗೆ ಅನ್ನು" ಎಂದರು ಅತ್ತೆ. ನನ್ನ ಪಾಠ ಇಷ್ಟು ಬೇಗ ಯಾರಿಗೂ ಅರ್ಥವಾಗಿರಲಿಲ್ಲ.

ಅಂಥ ಮರ ಇದ್ದದ್ದು ಒಂದೇ, ಮಾವನವರ ಸಮಾಧಿಯ ಪಕ್ಕ. ಅಲ್ಲಿ ಮಣ್ಣು ಕೆದಕುವ ಪದ್ಧತಿ ನಮ್ಮಲ್ಲಿಲ್ಲ. "ಅತ್ಗೆಮ್ಮ, ಮನೆಗೆ ಕೇಡು!" ಎಂದು ಚಿಕ್ಕಮಾವ ಕೂಗಾಡಿದರು. ಅತ್ತೆ ಜಗಳಕ್ಕೆ ನಿಲ್ಲಲಿಲ್ಲ. ಎಲೆ ಅಡಿಕೆ ಇಟ್ಟು, ಸಮಾಧಿಯ ಮುಂದೆ ಕೂತು ಗಂಡನನ್ನೇ ಕೇಳಿದರು: "ಇದ್ದಾಗ ನಿಮ್ಮನ್ನ ಒಂದು ಸೀರೇನೂ ಕೇಳ್ನಿಲ್ಲ. ಈಗ ಒಸಿ ಮಣ್ಣು ಕೊಡಿ." ಆಮೇಲೆ ಗುದ್ದಲಿ ಮುಟ್ಟದೆ ಕೈಯಲ್ಲೇ ಕೆರೆದು ಮಡಿಲಿಗೆ ತುಂಬಿಕೊಂಡರು. ಕೂಗಾಡುತ್ತಿದ್ದ ಚಿಕ್ಕಮಾವನೇ ಹೋಗಿ ಬುಟ್ಟಿ ತಂದರು.

ಆ ಮಣ್ಣು ಹಾಕಿ ನೆಟ್ಟ ಸಸಿಗಳು ಮಳೆ ನಿಂತ ಮೇಲೂ ಹಸಿರಾಗಿಯೇ ಇದ್ದವು. ಒಂದರ ಬುಡ ಬಿಡಿಸಿ, ಬೇರಿನ ಗಂಟೊಂದನ್ನು ಅತ್ತೆಯ ಅಂಗೈಗಿಟ್ಟೆ. ಉಗುರಿನಿಂದ ಸೀಳಿದರು. ಒಳಗೆ ನಸುಗೆಂಪು! ಜೀವಾಣು ದುಡಿಯುತ್ತಿದ್ದರೆ ಆ ಬಣ್ಣವೆಂದು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದಿದ್ದೆ. ಕಣ್ಣಾರೆ ಕಂಡದ್ದು ಅಂದೇ. "ರಕ್ತ ಕಣವ್ವ! ಗಿಡುಕ್ಕೂ ನಮ್ಮಂಗೇ ರಕ್ತ ಐತೆ" ಎಂದು ಅತ್ತೆ ಅದನ್ನು ಕಣ್ಣಿಗೊತ್ತಿಕೊಂಡು ಮತ್ತೆ ಬುಡಕ್ಕೇ ಸೇರಿಸಿದರು. ನನ್ನ ಗಂಡ ಬ್ರೋಕರ್‌ಗೆ ಇನ್ನು ಬರಬೇಡಿ ಎಂದರು.

ಅತ್ತೆ ತೀರಿಕೊಂಡಾಗ ಮಾವನವರ ಪಕ್ಕದಲ್ಲಿ ಜಾಗವಿತ್ತು. ಆದರೆ ಅವರು ಮೊದಲೇ ಹೇಳಿಟ್ಟಿದ್ದರು: "ನನ್ನ ಆ ಚೌಳು ಮೂಲೇಲಿ, ಹೊಂಗೆ ಬುಡದಲ್ಲಿ ಮಲಗ್ಸಿ. ಯಾರಾನ ಮಣ್ಣು ಕೇಳ್ಕೊಂಡು ಬಂದ್ರೆ ಇಲ್ಲ ಅನ್ಬ್ಯಾಡಿ." ಹಾಗೇ ಮಾಡಿದೆವು. ಈಗ ಸುತ್ತಲಿನ ಚೌಳು ಹೊಲದವರು ಸಸಿ ನೆಡುವ ಮುಂಚೆ ಎಲೆ ಅಡಿಕೆ ಹಿಡಿದು ಬಂದು, ಅತ್ತೆಯನ್ನೇ ಕೇಳಿ ಮಣ್ಣು ಒಯ್ಯುತ್ತಾರೆ.