ಚಿಕ್ಕಮ್ಮ ತಂದ ಕುವೈತ್ ಟಿವಿ

“ಪ್ಲಗ್ ಹಾಕ್ಬ್ಯಾಡ ಚಿಕ್ಕಮ್ಮ, ಸುಟ್ಟೋಯ್ತದೆ!” ಎಂದು ನಾನು ಸ್ವಿಚ್ ಬೋರ್ಡಿಗೆ ಅಡ್ಡ ನಿಂತೆ.

ಕುವೈತ್‌ನ ಒಂದು ಮನೆಯಲ್ಲಿ ನಾಲ್ಕು ವರ್ಷ ಅಡುಗೆ ಮಾಡಿ ಆಂಧ್ರದ ಕಲ್ಯಾಣದುರ್ಗಕ್ಕೆ ಮರಳಿದ್ದ ಚಿಕ್ಕಮ್ಮ ಒಂದು ಟಿವಿ ತಂದಿದ್ದರು. ಅಜ್ಜಿ ಧಾರಾವಾಹಿಗಾಗಿ ದಿನಾ ಪಕ್ಕದ ಮನೆಯ ಹೊಸ್ತಿಲಲ್ಲಿ ಕೂರುವುದು ತಪ್ಪಲಿ ಎಂಬುದು ಅವರ ಆಸೆ. ಹಿಂದೂಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದಿದ್ದ ನಾನು, ಅಲ್ಲಿನ ಕರೆಂಟೇ ಬೇರೆ, ಸಿಗ್ನಲ್ಲೇ ಬೇರೆ ಎಂದು ಬೆಳಿಗ್ಗೆಯಿಂದ ವಾದಿಸಿದ್ದೆ. ಚಿಕ್ಕಪ್ಪ ಅದನ್ನು ಬಂದಷ್ಟಕ್ಕೆ ಮಾರಿಬಿಡಲು ಒಪ್ಪಿಯೂ ಆಗಿತ್ತು.

“ಆ ಮನೆ ಮಿಕ್ಸಿ, ವಾಷಿಂಗ್ ಮಷೀನು ಎಲ್ಲಾ ಓಡಿಸ್ದೋಳು ನಾನು ಕಣಮ್ಮ. ಜರುಗು ಅತ್ಲಾಗೆ!” ಎಂದ ಚಿಕ್ಕಮ್ಮ, ಚೀಲದಿಂದ ಅಡಾಪ್ಟರ್ ತೆಗೆದು ಸಿಕ್ಕಿಸಿದರು. ಟಿವಿ ಬೆಳಗಿತು. ಆದರೆ ಪರದೆಯ ತುಂಬ ಅರಬ್ಬಿ ಅಕ್ಷರ.

“ಈಗ ಇದನ್ನ ಯಾರು ಓದ್ತಾರೆ?” ಎಂದೆ, ಗೆದ್ದ ದನಿಯಲ್ಲಿ.

ಐದನೇ ಕ್ಲಾಸಿಗೇ ಶಾಲೆ ಬಿಟ್ಟಿದ್ದ ಚಿಕ್ಕಮ್ಮ ಪರದೆಯನ್ನು ಬಲದಿಂದ ಎಡಕ್ಕೆ ಓದುತ್ತ, ರಿಮೋಟ್ ಒತ್ತಿ ಭಾಷೆ ಬದಲಾಯಿಸಿ, ಮೊದಲೇ ಎಳೆಸಿದ್ದ ಕೇಬಲ್ ಸಿಕ್ಕಿಸಿದರು. ತೆಲುಗು ಧಾರಾವಾಹಿ ಬಂದೇ ಬಿಟ್ಟಿತು. ಅಜ್ಜಿ ಚಪ್ಪಾಳೆ ತಟ್ಟಿದರು.

“ಅರಬ್ಬಿ ಓದಾಕೆ ಬತ್ತದೆ ಅಂತ ಮೊದ್ಲೇ ಯಾಕೆ ಹೇಳ್ಲಿಲ್ಲ?” ಎಂದು ನಾನು ಕೇಳಿದೆ.

“ಆ ಮನೆ ಮಗೀಗೆ ಅವ್ರಮ್ಮ ಪಾಠ ಹೇಳ್ವಾಗ ಪಕ್ಕದಾಗೆ ಕುಂತು ಕಲ್ತೆ. ಹೇಳಾನ ಅಂದ್ರೆ ನೀನು ಉಸಿರು ತಗಂಡಿದ್ರೆ ತಾನೆ?”

ಸ್ಪರ್ಧೆಯಲ್ಲಾದರೆ ಸಮಯ ಮುಗಿದಾಗ ಗಂಟೆ ಬಾರಿಸುತ್ತಾರೆ. ಮನೆಯಲ್ಲಿ ಆ ಸೌಕರ್ಯವಿಲ್ಲ. ಹಾಗಾಗಿ ಈಗ ನಾನೇ ವಾದವನ್ನು ಅರ್ಧಕ್ಕೆ ನಿಲ್ಲಿಸಿ ಎದುರಿನವರ ಮುಖ ನೋಡುತ್ತೇನೆ. ಉಳಿದರ್ಧ ಎಷ್ಟೋ ಸಲ ಬೇಕೇ ಆಗುವುದಿಲ್ಲ.