ತಪಸ್ಸು ಕಾಲದಲ್ಲಿ ನಾನು ಬಿಟ್ಟದ್ದು, ಬಿಡದೆ ಇದ್ದದ್ದು

ಒಂದು ವರ್ಷ ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ನಲವತ್ತು ದಿನವೂ ನಾನು ಹಾಗಲಕಾಯಿ ಬಿಟ್ಟಿದ್ದೆ. ಹಾಗಲಕಾಯಿಯನ್ನು ನಾನು ಎಂದೂ ಬಾಯಿಗಿಟ್ಟವನಲ್ಲ ಎಂಬುದು ನನ್ನ ಹೆಂಡತಿ ಮರಿಯಮ್ಮನಿಗೆ ಗೊತ್ತು. ದೇವರಿಗೂ ಗೊತ್ತಿದ್ದಿರಬೇಕು. ಮರುವರ್ಷ ಇಬ್ಬರ ಮುಖವನ್ನೂ ನೋಡಲಾರದೆ ನಸ್ಯ ಬಿಟ್ಟೆ. ತಾಲ್ಲೂಕು ಕಚೇರಿಯ ಗುಮಾಸ್ತ ನಸ್ಯ ಬಿಡುವುದೆಂದರೆ ಹುಡುಗಾಟವಲ್ಲ.

ಆದರೆ ಶಾಸ್ತ್ರ ಓದಿದವನಿಗೆ ಸಂದುಗೊಂದುಗಳೂ ಕಾಣುತ್ತವೆ. ವಿಭೂತಿ ಬುಧವಾರದಿಂದ ಈಸ್ಟರಿನ ಹಿಂದಿನ ದಿನದವರೆಗೆ ಎಣಿಸಿ ನೋಡಿ, ನಲವತ್ತಲ್ಲ, ನಲವತ್ತಾರು ದಿನ. ಭಾನುವಾರ ಪ್ರಭುವಿನ ದಿನವಾದ್ದರಿಂದ ಉಪವಾಸಕ್ಕೆ ಸೇರದು. ಅಂದಮೇಲೆ ಭಾನುವಾರ ಒಂದು ಚಿಟಿಕೆ ಏರಿಸಬಹುದು. ಹಿಂದಿನವರು ದಿನವನ್ನು ಮುನ್ನಾ ಸಂಜೆಯಿಂದಲೇ ಹಿಡಿಯುತ್ತಿದ್ದರಂತೆ. ಹಾಗಾಗಿ ಶನಿವಾರ ಸಂಜೆಯೂ ಒಂದು. ಇಷ್ಟು ಪಾಂಡಿತ್ಯದಿಂದ ತಪಸ್ಸು ಮಾಡಿದವರು ರಾಯದುರ್ಗದಲ್ಲಿ ಮತ್ತೊಬ್ಬರಿರಲಿಲ್ಲ. ನಮ್ಮವರ ಮನೆಗಳಿದ್ದದ್ದೇ ನಾಲ್ಕು ಅನ್ನುವುದು ಬೇರೆ ಮಾತು.

ಆ ವರ್ಷವೇ ಪಕ್ಕದ ಮನೆಯ ಬೀರಪ್ಪನೊಡನೆ ನನ್ನ ಮಾತು ನಿಂತದ್ದು. ಕುರಿ ಸಾಕುವ ಬೀರಪ್ಪ ಹತ್ತು ವರ್ಷದಿಂದ ಸಂಜೆ ನನ್ನ ಜಗಲಿಗೆ ಬಂದು ಕೂರುತ್ತಿದ್ದವನು. ಈಸ್ಟರಿನ ಹಿಂದಿನ ಭಾನುವಾರ, ಗರಿಗಳ ಹಬ್ಬದಲ್ಲಿ ಮಂತ್ರಿಸಿ ಕೊಟ್ಟ ಗರಿಯನ್ನು ನಾವು ಮಾತೆಯ ಪಟದ ಹಿಂದೆ ಸಿಕ್ಕಿಸಿಟ್ಟು, ಮುಂದಿನ ವಿಭೂತಿ ಬುಧವಾರಕ್ಕೆ ಗುಡಿಗೆ ಹಿಂದಿರುಗಿಸುತ್ತೇವೆ. ಅದನ್ನು ಸುಟ್ಟ ಬೂದಿಯೇ ನಮ್ಮ ಹಣೆಗೆ. ಹೋದ ವರ್ಷದ ಆ ಗರಿಯನ್ನು ಧೂಳು ಕೊಡವಲೆಂದು ಜಗಲಿಗೆ ತಂದಿಟ್ಟು ಒಳಗೆ ಹೋಗಿ ಬರುವಷ್ಟರಲ್ಲಿ ಬೀರಪ್ಪನ ಟಗರು ತಿಂದು ಮುಗಿಸಿತ್ತು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಟಗರನ್ನು ಸರ್ಕಾರಿ ದೊಡ್ಡಿಗೆ ಕೂಡಿಸುತ್ತೇನೆ ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಬೀರಪ್ಪ ತಲೆ ತಗ್ಗಿಸಿಕೊಂಡು ಅದನ್ನು ಎಳೆದುಕೊಂಡು ಹೋದ.

ಆಮೇಲೆ ನಾನು ಬರಿಗೈಯಲ್ಲಿ ಹೋಗಿ ಬೇರೆಯವರ ಗರಿಯ ಬೂದಿ ಹಚ್ಚಿಸಿಕೊಂಡು ಬಂದೆ. ಶುಕ್ರವಾರ ಮಾಂಸ ಮುಟ್ಟಲಿಲ್ಲ, ಒಪ್ಪೊತ್ತು ಉಂಡೆ, ಮೊಣಕಾಲು ನೋಯುವಷ್ಟು ಜಪ ಮಾಡಿದೆ. ಬೀರಪ್ಪನನ್ನು ಮಾತ್ರ ಮಾತಾಡಿಸಲಿಲ್ಲ. ನಮ್ಮಿಬ್ಬರ ಹೆಂಡಂದಿರು ಗೋಡೆಯ ಮೇಲಿಂದ ಸಾರು, ಸುದ್ದಿ ಎರಡನ್ನೂ ದಾಟಿಸುತ್ತಲೇ ಇದ್ದರು. ಗರಿಗಳ ಹಬ್ಬದ ಹಿಂದಿನ ಶನಿವಾರ ಸಂಜೆ ಬಳ್ಳಾರಿಯಿಂದ ಪಾದ್ರಿ ಸ್ವಾಮಿಗಳು ರೈಲಿನಲ್ಲಿ ಬಂದು ಪಾಪನಿವೇದನೆ ಕೇಳುವವರಿದ್ದರು. ನೆರೆಯವನ ಮೇಲೆ ಹಗೆ ಇಟ್ಟುಕೊಂಡು ಅವರ ಮುಂದೆ ಮೊಣಕಾಲೂರುವುದು ಹೇಗೆ? ಮೊದಲು ಮಾತಾಡಲು ನನ್ನ ನಾಲಗೆ ಏಳದು. ಜಗಲಿಯೂ ಬಿಕೋ ಅನ್ನುತ್ತಿತ್ತು. ನಿಜ ಹೇಳುತ್ತೇನೆ, ನಸ್ಯಕ್ಕಿಂತ ಬೀರಪ್ಪನಿಲ್ಲದ ಸಂಜೆಗಳೇ ನನ್ನನ್ನು ಹೆಚ್ಚು ಕಾಡಿದವು.

ಆ ಶನಿವಾರ ಮಧ್ಯಾಹ್ನ ಬಾಗಿಲಲ್ಲಿ ನೆರಳಾಯಿತು. ಬೀರಪ್ಪ. ತಲೆಯ ಮೇಲೆ ಒಂದು ಹೊರೆ ಹಸಿ ಈಚಲ ಗರಿ. ಮರುದಿನದ ಹಬ್ಬಕ್ಕೆಂದು ಹಗರಿ ಹೊಳೆಯ ದಂಡೆಗೆ ನಡೆದು ಹೋಗಿ ಕಡಿದು ತಂದಿದ್ದ.

"ನನ್ ಟಗರು ನಿಮ್ ವ್ರತ ಕೆಡಿಸ್ತು ಅಂತ ನಮ್ಮಾಕಿ ಹೇಳಿದ್ಲ್ರಿ," ಅಂದ. "ಅದಕ್ಕ ಶುಕ್ರವಾರ ಶುಕ್ರವಾರ ಹೊತ್ತು ಮುಳುಗೋ ತನಕ ಅದಕ್ಕ ಮೇವು ಹಾಕಿಲ್ರಿ. ಮೂಕಪ್ರಾಣಿ ಒಂದ ಯಾಕ ಉಪಾಸ ಇರಬೇಕಂತ ನಾನೂ ಉಂಡಿಲ್ರಿ."

ನನಗೆ ನಗು ಬಂತು, ಅದರ ಹಿಂದೆಯೇ ಕಣ್ಣು ತುಂಬಿತು. ಅಷ್ಟೆಲ್ಲ ಓದಿದ ನಾನು ಹುಡುಕದ ಸಂದಿಲ್ಲ. ಏನೂ ಓದದ ಇವನು ಒಂದು ಶುಕ್ರವಾರವನ್ನೂ ತಪ್ಪಿಸಿರಲಿಲ್ಲ. ನಾಚಿಕೆಯಿಂದ ಅವನ ಕೈ ಹಿಡಿದು, ದೊಡ್ಡಿಯ ಮಾತು ಆಡಿದ್ದು ತಪ್ಪಾಯಿತು ಎಂದೆ.

"ಅದು ಟಗರಿಗೆ ಅಂದಿದ್ದಲ್ಲೇನ್ರಿ," ಅಂದ ಬೀರಪ್ಪ. "ಅದು ಅವತ್ತೇ ಮರೆತೈತಿ."

ಮರಿಯಮ್ಮ ಇಬ್ಬರಿಗೂ ಮಜ್ಜಿಗೆ ತಂದುಕೊಟ್ಟಳು. ಜಗಲಿ ತುಂಬಿತು.

ಸಂಜೆ ಪಾಪನಿವೇದನೆಯಲ್ಲಿ ಸಿಟ್ಟಿನ ಕಥೆಯನ್ನೆಲ್ಲ ಬಿಡದೆ ಒಪ್ಪಿಸಿದೆ. ಮೊದಲು ಹೋಗಿ ನೆರೆಯವನೊಡನೆ ರಾಜಿಯಾಗು ಎಂದರು ಸ್ವಾಮಿಗಳು. ರಾಜಿ ಆಗಿಯೇ ಹೋಯಿತು, ಅವನೇ ಬಂದಿದ್ದ ಎಂದೆ. ಅವನ ಉಪವಾಸದ ಸಂಗತಿಯನ್ನೂ ಹೇಳಿದೆ.

"ಹಾಗಾದರೆ ನಿನಗೆ ಯಾವ ಪ್ರಾಯಶ್ಚಿತ್ತ ಕೊಡಲಪ್ಪ," ಎಂದರು ಪರದೆಯ ಆಚೆಯಿಂದ ಸ್ವಾಮಿಗಳು. "ಅದನ್ನೂ ಅವನೇ ಮಾಡಿ ಮುಗಿಸಿದ್ದಾನಲ್ಲ."